ಪೆದ್ದ ಪೆಟ್ಟೆ, ಚಿನ್ನ ಪೆಟ್ಟೆ

"ಈ ಭಾನುವಾರ ಆ ಮೊಸರು ಡಬ್ಬಿಗೆ ನನ್ನ ಕಂಪ್ಯೂಟರ್ ಕೈಲಿ ಮಣ್ಣು ಮುಕ್ಕಿಸದೇ ಹೋದ್ರೆ ನನ್ನ ಹೆಸರು ನಂದೀಶನೇ ಅಲ್ಲ!"

ಯಲ್ದೂರಿನ ನಂದೀಶ ಈ ಭೀಷ್ಮಪ್ರತಿಜ್ಞೆ ಮಾಡಿದ್ದು ಕುರುಕ್ಷೇತ್ರದಲ್ಲಲ್ಲ, ತನ್ನ ಮನೆಯ ಹಜಾರದಲ್ಲಿ, ಊಟದ ತಟ್ಟೆಯ ಮುಂದೆ. ಬಲಗೈ ಎತ್ತಿ ಆಣೆ ಮಾಡಿದ್ದೇನೋ ನಿಜ. ಆದರೆ ಆ ಕೈಯಲ್ಲಿ ಮುದ್ದೆಯ ತುತ್ತಿತ್ತು. ಪ್ರತಿಜ್ಞೆ ಮುಗಿಯುವಷ್ಟರಲ್ಲಿ ಬಸ್ಸಾರು ಮೊಣಕೈವರೆಗೂ ಇಳಿದಿತ್ತು.

ಹೆಂಡತಿ ಶೋಭಾರಾಣಿ ನಡುಗಲಿಲ್ಲ. "ಹೆಸರು ಬದಲಾಯಿಸಿದ್ರೆ ಆಧಾರ್ ಕಾರ್ಡಲ್ಲೂ ಬದಲಾಯಿಸ್ಬೇಕಾಗತ್ತೆ ರೀ. ಎಷ್ಟು ಓಡಾಟ! ಮೊದ್ಲು ಕೈ ತೊಳ್ಕೊಳಿ" ಅಂದಳು.

ಮೊಸರು ಡಬ್ಬಿ ಎಂದರೆ ಆಟದ ಕನ್ಸೋಲು. ಬೆಳ್ಳಗೆ, ಸಪಾಟಾಗಿ, ಟಿವಿಯ ಪಕ್ಕದಲ್ಲಿ ಉಸಿರೆತ್ತದೆ ಕೂತಿರುವ ಪೆಟ್ಟಿಗೆ. ಅದು ಶೋಭಾರಾಣಿಯ ತಮ್ಮ ವೆಂಕಟನದು. ಮಾಲೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ವೆಂಕಟನಿಗೆ ಹೊಸದಾಗಿ ಮದುವೆಯಾಯಿತು. ಹೊಸ ಹೆಂಡತಿ ರಂಜಿತ ಮನೆಗೆ ಬಂದವಳೇ, "ಈ ಮನೇಲಿ ಇದಿರ್ಬೇಕು, ಇಲ್ಲ ನಾನಿರ್ಬೇಕು" ಅಂದಳಂತೆ. ವೆಂಕಟ ಒಂದು ಗಳಿಗೆ ಯೋಚಿಸಿದ್ದು ತಪ್ಪಾಯಿತು. ಆ ಒಂದು ಗಳಿಗೆಗೆ ಶಿಕ್ಷೆಯಾಗಿ ಕನ್ಸೋಲು ಅಕ್ಕನ ಮನೆಗೆ ಗಡೀಪಾರಾಯಿತು. ಹಗಲೆಲ್ಲ ಊರ ಹೆಂಗಸರ ಬ್ಲೌಸ್ ಹೊಲಿದು ಬೆನ್ನು ನೋಯಿಸಿಕೊಳ್ಳುವ ಶೋಭಾರಾಣಿ ಸಂಜೆ ಒಂದಿಷ್ಟು ಹೊತ್ತು ಅದರಲ್ಲಿ ಕಾರು ಓಡಿಸತೊಡಗಿದಳು. ಹೊಲಿಗೆ ಯಂತ್ರದ ಪೆಡಲ್ ತುಳಿದು ತುಳಿದು ವೇಗ ಅವಳ ರಕ್ತದಲ್ಲೇ ಇತ್ತೋ ಏನೋ, ಕಾರು ಚೆನ್ನಾಗಿಯೇ ಓಡಿತು.

ನಂದೀಶನ ಹೊಟ್ಟೆಕಿಚ್ಚಿಗೆ ಕಿಡಿ ಬಿದ್ದದ್ದು ಆಗಲೇ.

ಅವನು ಶ್ರೀನಿವಾಸಪುರದ ಒಂದು ಖಾಸಗಿ ಕಾಲೇಜಿನ ಗುಮಾಸ್ತ. ಅದು ಹೊಟ್ಟೆಪಾಡು. ಅವನ ನಿಜವಾದ ಪದವಿ ಎಂದರೆ ಸಮಸ್ತ ಯಲ್ದೂರಿನ ಕಂಪ್ಯೂಟರ್ ಪಂಡಿತ. ಪಹಣಿ ಬೇಕೆ, ಮದುವೆ ಕಾರ್ಡಿಗೆ ಗಣೇಶ ಬೇಕೆ, ಎಲ್ಲರೂ ಅವನ ಬಾಗಿಲಿಗೇ ಬರಬೇಕು. ಮನೆಯ ಹಿಂದಿನ ಕೋಣೆಯಲ್ಲಿ ಅವನ ಕಂಪ್ಯೂಟರು ವಿರಾಜಮಾನವಾಗಿತ್ತು. ಅಂಗಡಿಯಿಂದ ಸಿದ್ಧವಾಗಿ ತಂದದ್ದಲ್ಲ ಅದು. ಬೆಂಗಳೂರಿಗೆ ಹೋದಾಗಲೆಲ್ಲ ಒಂದೊಂದು ಅಂಗ ತಂದು, ಮಗುವಿಗೆ ಹಲ್ಲು ಬಂದಂತೆ ಒಂದೊಂದಾಗಿ ಕೂರಿಸಿ ಬೆಳೆಸಿದ್ದು. ಪಕ್ಕದಲ್ಲಿ ಗಾಜಿನ ಬಾಗಿಲು, ಒಳಗೆ ಬಣ್ಣಬಣ್ಣದ ದೀಪ, ಮುಂದೆ ಹಿಂದೆ ಮೇಲೆ ಫ್ಯಾನುಗಳು. ಆಯುಧಪೂಜೆಯಲ್ಲಿ ಬಳಿದ ವಿಭೂತಿ ಗಾಜಿನ ಮೇಲೆ ಇನ್ನೂ ಇತ್ತು. ತಾಯಿ ಮುನಿಶಾಮಮ್ಮ ಮನೆಗೆ ಯಾರೇ ಬರಲಿ, ತುಟಿಯ ಮೇಲೆ ಬೆರಳಿಟ್ಟು, "ಸದ್ದು ಮಾಡ್ಬ್ಯಾಡಿ, ಒಳಗೆ ನನ್ ಮಗ ಕಂಪ್ಯೂಟರ್ ಮಾಡ್ತಾ ಅವ್ನೆ" ಅನ್ನುತ್ತಿದ್ದಳು. ಆ ಮಾತು ಬಾಗಿಲ ಸಂದಿಯಿಂದ ಕೇಳಿದಾಗಲೆಲ್ಲ ನಂದೀಶನ ಎದೆ ಎರಡಿಂಚು ಉಬ್ಬುತ್ತಿತ್ತು.

ಕನ್ಸೋಲು ಬಂದ ಮೇಲೆ ಆ ಎದೆಗೆ ಸೂಜಿ ಚುಚ್ಚಿದವಳೂ ಮುನಿಶಾಮಮ್ಮನೇ, ಅದೂ ಪಾಪ ತಿಳಿಯದೆ. ತೆಲುಗು ನಾಡಿನ ಗಡಿಗೆ ತಾಗಿದ ಈ ಸೀಮೆಯ ಮನೆಗಳಲ್ಲಿ ಮಾತು ಕನ್ನಡದಲ್ಲಿ ಹೊರಟು, ತೆಲುಗಿನಲ್ಲಿ ಊಟ ಮಾಡಿ, ಮತ್ತೆ ಕನ್ನಡದಲ್ಲಿ ಕೈ ತೊಳೆಯುವುದು ಮಾಮೂಲು. ಮನೆಯಲ್ಲಿ ಎರಡು ಪೆಟ್ಟಿಗೆಗಳಾದವಲ್ಲ, ಗುರುತಿಗೆ ಹೆಸರು ಬೇಡವೇ? ಮುನಿಶಾಮಮ್ಮ ತನ್ನ ತವರಿನ ತೆಲುಗಿನಲ್ಲಿ ದೊಡ್ಡದನ್ನು ಪೆದ್ದ ಪೆಟ್ಟೆ ಅಂದಳು, ಚಿಕ್ಕದನ್ನು ಚಿನ್ನ ಪೆಟ್ಟೆ ಅಂದಳು. ತೆಲುಗಿನಲ್ಲಿ ಪೆದ್ದ ಅಂದರೆ ದೊಡ್ಡದು, ಚಿನ್ನ ಅಂದರೆ ಚಿಕ್ಕದು. ಅಷ್ಟೇ, ಏನೂ ತಪ್ಪಿಲ್ಲ. ಆದರೆ ಕೇಳುವ ಕಿವಿ ಕನ್ನಡದ್ದಾದರೆ?

"ಶೋಭಾ, ಚಿನ್ನ ಪೆಟ್ಟೆ ಮೇಲೆ ಧೂಳು ಕೂತೈತೆ, ಒರೆಸಮ್ಮ. ಲೇ ನಂದೀಶ, ನಿನ್ ಪೆದ್ದ ಪೆಟ್ಟೆ ಯಾಕೋ ಒಂದೇ ಸಮ್ನೆ ಗುರ್ ಅಂತೈತೆ!"

ಚಿನ್ನವಂತೆ ಅದು, ಪೆದ್ದನಂತೆ ಇದು! ನಂದೀಶ ಎಷ್ಟೋ ಸಲ ಬೇಡಿಕೊಂಡ. "ಅಮ್ಮಾ, ಕನ್ನಡದಲ್ಲಿ ದೊಡ್ಡ ಪೆಟ್ಟಿಗೆ ಅನ್ನು."

"ಅದ್ನೇ ಅಲ್ವೇನ್ಲಾ ನಾನೂ ಅಂತಿರೋದು? ಪೆದ್ದ ಪೆಟ್ಟೆ!"

ಇಷ್ಟಾದರೂ ಅವನು ಸಹಿಸಿಕೊಂಡಿದ್ದ. ಪ್ರತಿಜ್ಞೆಯವರೆಗೆ ವಿಷಯ ಬೆಳೆದದ್ದು ಮಾವಿನಕಾಯಿಯಿಂದ.

ಕಂಪ್ಯೂಟರಿದ್ದ ಹಿಂದಿನ ಕೋಣೆ ಹಿಂದಿನಿಂದಲೂ ಮಾವಿನಕಾಯಿ ಅಡೆ ಹಾಕುವ ಕೋಣೆ. ಕಾಯಿ ಕಿತ್ತು, ಹುಲ್ಲಿನ ಮೇಲೆ ಹರವಿ, ಮೇಲೆ ಮತ್ತೆ ಹುಲ್ಲು ಮುಚ್ಚಿ ಅಲ್ಲಿ ಹಣ್ಣು ಮಾಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಕಾಯಿಗಳೆಲ್ಲ ದನದ ಕೊಟ್ಟಿಗೆಯ ಅಟ್ಟಕ್ಕೆ ಹೋದವು. ಅಲ್ಲಿ ಗಾಳಿ ಜಾಸ್ತಿ, ಇಲಿಯೂ ಜಾಸ್ತಿ. ಕಾಯಿ ಹಣ್ಣಾಗುವುದು ನಿಧಾನ. ನಿಧಾನವಾದರೆ ಏನಂತೆ ಎನ್ನಬೇಡಿ. ಮುನಿಶಾಮಮ್ಮನಿಗೆ ಅದು ಮಾನದ ಪ್ರಶ್ನೆ. ಅವಳ ಬೀಗಿತ್ತಿ ಗಂಗರತ್ನಮ್ಮನವರು, ಅಂದರೆ ಶೋಭಾರಾಣಿಯ ತಾಯಿ, ಬೈರಕೂರಿನವರು. ಅವರದೂ ಮಾವಿನ ತೋಪು. ಪ್ರತಿ ವರ್ಷವೂ ಬೈರಕೂರಿನ ಮೊದಲ ಹಣ್ಣಿನ ಬುಟ್ಟಿ ಯಲ್ದೂರಿಗೆ ಬಂದು ತಲುಪಿದಾಗ ಯಲ್ದೂರಿನ ಕಾಯಿ ಇನ್ನೂ ಕಲ್ಲಿನ ಹಾಗೆ ಇರುತ್ತಿತ್ತು. ಗಂಗರತ್ನಮ್ಮನವರು ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಅತ್ತಿಗೆ ಎನ್ನುವುದನ್ನು ತೆಲುಗಿನಲ್ಲಿ ವದಿನಾ ಎಂದು ಕರೆದು, "ನಿಮ್ದಿನ್ನೂ ಆಗ್ಲಿಲ್ವಾ ವದಿನಾ? ಹೋಗ್ಲಿ ಬಿಡಿ, ನಮ್ದೇ ತಿನ್ನಿ" ಅನ್ನುತ್ತಿದ್ದರು. ಆ "ಹೋಗ್ಲಿ ಬಿಡಿ"ಯನ್ನು ಮುನಿಶಾಮಮ್ಮ ಮುಂದಿನ ಬೇಸಿಗೆಯವರೆಗೂ ನುಂಗಲಾರದೆ ಒದ್ದಾಡುತ್ತಿದ್ದಳು.

ಈ ವರ್ಷ ಅವಳು ನಿರ್ಧಾರ ಮಾಡಿಬಿಟ್ಟಳು. "ನಂಗೆ ಆ ರೂಮು ಬೇಕು ಕಣೋ. ಚಿನ್ನ ಪೆಟ್ಟೆ ನೋಡು, ಟಿವಿ ಪಕ್ಕ ಗೇಣು ಜಾಗದಾಗೆ ತೆಪ್ಪಗೆ ಕೂತೈತೆ. ನಿನ್ ಪೆದ್ದ ಪೆಟ್ಟೆಗೆ ಒಂದು ರೂಮೇ ಬೇಕಾ?"

"ಅದೂ ಇದೂ ಒಂದೇನಮ್ಮಾ? ಇದರ ಶಕ್ತಿ ಮುಂದೆ ಅದು ಸೊಳ್ಳೆ!"

"ಆದ್ರೆ ಸೊಳ್ಳೆ ಚೆನ್ನಾಗಿ ಹಾರ್ತಾ ಇದೆಯಲ್ರೀ" ಅಂದಳು ಶೋಭಾರಾಣಿ. "ನೀವು ಅದೇ ಕಾರಿನ ಆಟಾನ ನಿಮ್ಮ ಆನೆ ಮೇಲೆ ಓಡಿಸಿ ತೋರ್ಸಿ. ನಿಮ್ದು ಚೆನ್ನಾಗಿ ಓಡಿದ್ರೆ ರೂಮು ನಿಮ್ದು. ಸೀಸನ್ ಮುಗಿಯೋವರ್ಗೂ ಯಾರೂ ಕೇಳಲ್ಲ. ಓಡದೇ ಹೋದ್ರೆ ಪೆಟ್ಟಿಗೆ ಕೊಟ್ಟಿಗೆ ಪಕ್ಕಕ್ಕೆ, ರೂಮು ಅತ್ತೆಗೆ."

ಕೊಟ್ಟಿಗೆಯ ಪಕ್ಕ! ಎಮ್ಮೆಯ ಉಸಿರು ತಾಗುವ ಜಾಗದಲ್ಲಿ ಗಾಜಿನ ಬಾಗಿಲಿನ ಕಂಪ್ಯೂಟರು! ನಂದೀಶ ಮುದ್ದೆಯ ಕೈ ಎತ್ತಿ ಆಣೆ ಮಾಡಿದ್ದು ಆ ಕ್ಷಣದಲ್ಲಿ.

ಮುನಿಶಾಮಮ್ಮ ಭಾನುವಾರದವರೆಗೆ ಕಾಯುವವಳಲ್ಲ. ಮಗ ಕೈ ತೊಳೆದು ಬರುವಷ್ಟರಲ್ಲಿ ಬಾವಿ ಪಕ್ಕದ ಮರದ ಬಾದಾಮಿ ಮಾವಿನಕಾಯಿಗಳನ್ನು ತಂದು, ಕಂಪ್ಯೂಟರ್ ಮೇಜಿನ ಕೆಳಗೆ ಹುಲ್ಲು ಹಾಸಿ ಅಡೆ ಹಾಕಿಬಿಟ್ಟಿದ್ದಳು.

"ಅಮ್ಮಾ! ಇನ್ನೂ ಸ್ಪರ್ಧೆನೇ ಆಗಿಲ್ಲ!"

"ನೀನು ಗೆದ್ರೆ ತೆಗೀತೀನಿ ಬುಡೋ" ಅಂದಳು ತಾಯಿ. ಹೆತ್ತ ಕರುಳಿಗೆ ಮಗನ ಗೆಲುವಿನ ಮೇಲೆ ಎಷ್ಟು ನಂಬಿಕೆ ಎಂಬುದು ಅಲ್ಲೇ ತಿಳಿಯಿತು.

ಮರುದಿನ ನಂದೀಶ ಕಾಲೇಜಿಗೆ ರಜೆ ಹಾಕಿ ಸಮರಸಿದ್ಧತೆಗೆ ಇಳಿದ. ಮೊದಲು ಆಟವನ್ನು ಇಳಿಸಿಕೊಳ್ಳಬೇಕಲ್ಲ. ಅದು ಇಳಿಯಿತು, ಇಳಿಯಿತು, ಹನುಮಂತನ ಬಾಲದ ಹಾಗೆ ಮುಗಿಯದೆ ಇಳಿಯಿತು. ಇಳಿದ ಮೇಲೆ ಕಂಪ್ಯೂಟರು, ನಿನ್ನ ಗ್ರಾಫಿಕ್ಸ್ ಕಾರ್ಡಿನ ತಂತ್ರಾಂಶ ಹಳೆಯದು, ಹೊಸದು ಹಾಕು ಅಂದಿತು. ಹಾಕಿದ. ಈಗ ಆರಿಸಿ ಮತ್ತೆ ಹಚ್ಚು ಅಂದಿತು. ಹಚ್ಚಿದ. ಹಚ್ಚಿದ ಕೂಡಲೇ ವಿಂಡೋಸು ತನ್ನದೂ ಒಂದು ಇರಲಿ ಎಂದು ಅಪ್‌ಡೇಟ್ ಮಾಡಿಕೊಳ್ಳುತ್ತ ಕೂತಿತು. ಹಜಾರದಲ್ಲಿ ಶೋಭಾರಾಣಿ ಬಟನ್ ಒತ್ತಿದಳು, ಕಾರು ಹೊರಟಿತು, ಒಂದು ಸುತ್ತು ಹಾಕಿ ಬಂದಳು, ಒಲೆಯ ಮೇಲಿನ ಹಾಲು ಇಳಿಸಿದಳು, ಇನ್ನೊಂದು ಸುತ್ತು ಹಾಕಿದಳು. ನಂದೀಶ ಇನ್ನೂ "ದಯವಿಟ್ಟು ಆಫ್ ಮಾಡಬೇಡಿ" ಎಂಬ ಒಕ್ಕಣೆಯ ದರ್ಶನ ಮಾಡುತ್ತಲೇ ಇದ್ದ.

ಕೊನೆಗೂ ಆಟ ಶುರುವಾಯಿತು. ಶುರುವಾದ ಕೂಡಲೇ ಅದರ ಸೆಟ್ಟಿಂಗುಗಳಿಗೆ ಹೋಗಿ, ನೆರಳು, ಬೆಳಕು, ಮಳೆಹನಿ, ಮರದ ಎಲೆ, ಕಾರಿನ ಹೊಳಪು, ಎಲ್ಲವನ್ನೂ ಮೇಲಿನ ತುದಿಗೆ ಏರಿಸಿದ. ಆ ತುದಿಯ ಹೆಸರು ಅಲ್ಟ್ರಾ. ಅದಕ್ಕಿಂತ ಕೆಳಗೆ ಇಟ್ಟರೆ ಪಂಡಿತನ ಮರ್ಯಾದೆ ಏನಾದೀತು?

ಕಾರು ಹೊರಟಿತು. ಹೊರಟಿತು ಅನ್ನುವುದಕ್ಕಿಂತ ಹೊರಡಲು ಮನಸ್ಸು ಮಾಡಿತು. ಒಮ್ಮೆ ಇಲ್ಲಿತ್ತು, ಕಣ್ಣು ಮಿಟುಕಿಸಿದರೆ ಅಲ್ಲಿತ್ತು, ನಡುವಿನ ರಸ್ತೆ ಮಾಯ. ತೆರೆಯ ಮೇಲೆ ಚಿತ್ರ ಒಂದರ ಹಿಂದೊಂದು ಸರಾಗವಾಗಿ ಬಂದರೆ ತಾನೇ ಕಾರು ಓಡಿದ ಹಾಗೆ ಕಾಣುವುದು? ಆ ಒಂದೊಂದು ಚಿತ್ರಕ್ಕೂ ಫ್ರೇಮು ಎನ್ನುತ್ತಾರೆ. ಫ್ರೇಮುಗಳು ನಡುನಡುವೆ ತಪ್ಪಿಹೋಗುತ್ತಿದ್ದವು. ನಂದೀಶ ತಲೆಯ ಮೇಲೆ ಕೈ ಹೊತ್ತು ಕೂಗಿದ.

"ಅಯ್ಯಯ್ಯೋ, ಫ್ರೇಮ್ ಬೀಳ್ತಾ ಇದೆ! ಒಂದೇ ಸಮ ಬೀಳ್ತಾ ಇದೆ!"

ಅಡುಗೆಮನೆಯಲ್ಲಿ ಕಾಳು ಹಿಸುಕುತ್ತಿದ್ದ ಮುನಿಶಾಮಮ್ಮ ಎದ್ದು ಬಿದ್ದು ಹಜಾರಕ್ಕೆ ಓಡಿದಳು. ಗೋಡೆಯ ಮೇಲೆ ಗಂಡ ಮುನಿಯಲ್ಲಪ್ಪನ ಫೋಟೋ, ಸುತ್ತ ಕಟ್ಟು ಹಾಕಿಸಿದ್ದು, ಗಂಧದ ಹಾರದ ಹಿಂದೆ ನೆಟ್ಟಗೆ ಇತ್ತು. ಆದರೂ ಅವಳು ಬೆಂಚಿನ ಮೇಲೆ ಹತ್ತಿ ಅದನ್ನು ತಬ್ಬಿ ಹಿಡಿದಳು.

"ಎಲ್ಲೋ ಬಿತ್ತು? ನಿಮ್ಮಪ್ಪ ಇಲ್ಲೇ ಅವ್ರಲ್ಲೋ!"

"ಇನ್ನೂ ಬೀಳ್ತಾ ಇದೆ!" ಒಳಗಿನಿಂದ ಆರ್ತನಾದ ಬಂತು. ಕಿವಿಗೆ ಹೆಡ್‌ಫೋನು ಹಾಕಿದವನಿಗೆ ತಾಯಿಯ ಮಾತು ಕೇಳಿಸಿರಲಿಲ್ಲ.

ಮುನಿಶಾಮಮ್ಮ ಯಾವ ಅಪಾಯಕ್ಕೂ ಅವಕಾಶ ಕೊಡಲಿಲ್ಲ. ಮುನಿಯಲ್ಲಪ್ಪನ ಫೋಟೋ, ಮುನೇಶ್ವರ ಸ್ವಾಮಿಯ ಫೋಟೋ, ನಂದೀಶನ ಮದುವೆಯ ಫೋಟೋ, ಎಲ್ಲವನ್ನೂ ಇಳಿಸಿ ಮಂಚದ ಮೇಲೆ ಮಲಗಿಸಿ ಕಂಬಳಿ ಹೊದಿಸಿದಳು. ಮುನಿಯಲ್ಲಪ್ಪನವರು ಎಷ್ಟೋ ವರ್ಷಗಳ ಮೇಲೆ ತಮ್ಮ ಮಂಚದಲ್ಲಿ ವಿಶ್ರಾಂತಿ ಪಡೆದರು. ಒರಗಲು ಬಂದ ಶೋಭಾರಾಣಿ, ಮಾವನವರು ಮಲಗಿದ್ದಾರೆಂದು ಗೌರವದಿಂದ ಚಾಪೆ ಹಾಸಿಕೊಂಡಳು.

ಶುಕ್ರವಾರ ನಂದೀಶನಿಗೆ ಜ್ಞಾನೋದಯವಾಯಿತು. ಆಟ ಓಡುವಾಗ ಅದರ ಹಿಂದೆ ಕಂಪ್ಯೂಟರಿನಲ್ಲಿ ಏನೇನೆಲ್ಲ ತೆರೆದಿದೆ! ಪಕ್ಕದ ಮನೆಯ ಗಂಗುಲಪ್ಪನ ಪಹಣಿ ಪುಟ, ಯಾರದೋ ಮಗಳ ಆರತಿ ಶಾಸ್ತ್ರದ ಕಾರ್ಡು, ವೈರಸ್ ಬಾರದಂತೆ ಕಾಯುವ ತಳವಾರ, ಪ್ರಿಂಟರಿನ ಗೊಣಗಾಟ, ಒಂದು ಇನ್ನೊಂದರ ಮೇಲೆ ಕೂತಿದ್ದವು. ಅವಿಭಕ್ತ ಕುಟುಂಬದ ಮನೆಯಲ್ಲಿ ಒಬ್ಬ ಹುಡುಗ ಪರೀಕ್ಷೆಗೆ ಓದಿದ ಹಾಗಾಗಿತ್ತು ಆಟದ ಪಾಡು. ಅವನು ಮೇಜು ಕುಟ್ಟಿ ಗಟ್ಟಿಯಾಗಿ ಹೇಳಿಕೊಂಡ.

"ಹಿಂದೆ ಇಷ್ಟೊಂದು ವಿಂಡೋ ಓಪನ್ ಇಟ್ಕೊಂಡ್ರೆ ಯಾವ ಗಾಡಿ ತಾನೇ ಓಡ್ತದೆ? ಎಲ್ಲಾ ಕ್ಲೋಸ್ ಮಾಡ್ಬೇಕು! ಒಂದೂ ಬಿಡ್ಬಾರ್ದು!"

ಹಿತ್ತಲಲ್ಲಿ ಎಮ್ಮೆಗೆ ನೀರು ತೋರಿಸುತ್ತಿದ್ದ ಮುನಿಶಾಮಮ್ಮನ ಕಿವಿಗೆ ಇದು ಸ್ಪಷ್ಟವಾಗಿ ಬಿತ್ತು. ವಿಂಡೋ ಎಂದರೇನು ಎಂದು ಅವಳಿಗೆ ಚೆನ್ನಾಗಿ ಗೊತ್ತು. ಮುಳಬಾಗಿಲಿನ ಬಸ್ಸಿನಲ್ಲಿ ವಿಂಡೋ ಸೀಟಿಗಾಗಿ ಜಗಳವಾಡಿದ ಅನುಭವಸ್ಥೆ ಅವಳು. ನಿನ್ನೆ ಫ್ರೇಮುಗಳನ್ನು ಉಳಿಸಿಕೊಟ್ಟರೂ ಮಗ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಇವತ್ತಾದರೂ ಅವನ ಮುಖ ಅರಳಲಿ ಎಂದು, ಮನೆಯ ಹಿಂದಕ್ಕೆ ಹೋಗಿ ಆ ಕೋಣೆಯ ಕಿಟಕಿಗಳ ಬಾಗಿಲುಗಳನ್ನು ಹೊರಗಿನಿಂದ ಎಳೆದು, ದನ ಕಟ್ಟುವ ಹಗ್ಗದಿಂದ ಬಿಗಿದಳು. ಸಂದಿಗಳಿಗೆ ಗೋಣಿತಾಟು ತುರುಕಿದಳು. ಒಂದೂ ಬಿಡಲಿಲ್ಲ!

ನಂದೀಶನಿಗೆ ಇದರ ಸುಳಿವೇ ಇರಲಿಲ್ಲ. ತೆರೆಯ ಮೇಲೆ ಬಿಸಿಲು ಬೀಳಬಾರದೆಂದು ಕಿಟಕಿಗೆ ಅವನು ದಪ್ಪ ಪರದೆ ಎಳೆದಿರುತ್ತಿದ್ದ. ಅವನಿಗೆ ಗೊತ್ತಾದದ್ದು ಇಷ್ಟೇ. ಕಂಪ್ಯೂಟರಿನ ಹಿಂದಿನ ವಿಂಡೋಗಳನ್ನೆಲ್ಲ ಮುಚ್ಚಿದ ಮೇಲೆ ಆಟ ಕೊಂಚ ಸರಾಗವಾಯಿತು, ಸ್ವಲ್ಪ ಹೊತ್ತಿಗೆ ಮತ್ತೆ ಕುಂಟತೊಡಗಿತು. ಫ್ಯಾನುಗಳು ಹಿಟ್ಟಿನ ಗಿರಣಿಯಂತೆ ಬೊಬ್ಬೆ ಹೊಡೆದವು. ಕೋಣೆ ಕಾದ ಕಾವಲಿಯಾಯಿತು. ಬೆವರು ಹಣೆಯಿಂದ ಮೂಗಿಗೆ, ಮೂಗಿನಿಂದ ಕೀಬೋರ್ಡಿಗೆ ತೊಟ್ಟಿಕ್ಕಿತು. "ತಪಸ್ಸು ಅಂದ್ರೆ ಸುಮ್ನೆನಾ?" ಎಂದುಕೊಂಡು ಬನಿಯನ್ನೂ ಬಿಚ್ಚಿಟ್ಟು ಮುಂದುವರಿಸಿದ.

ಶನಿವಾರ ಸಂಜೆ ಶೋಭಾರಾಣಿ ಮಜ್ಜಿಗೆ ತಂದಳು. ಬರಿಮೈಯಲ್ಲಿ ಕೂತು ಬೆಂದ ಆಲೂಗಡ್ಡೆಯಂತಾಗಿದ್ದ ಗಂಡನನ್ನು ನೋಡಿ ಅವಳಿಗೆ ಕನಿಕರ ಬಂತು. ನಗುವೂ ಬಂತು. ಮೊದಲು ಬಂದದ್ದು ನಗು.

"ಯಾಕ್ರೀ ಹಿಂಗೆ ಒದ್ದಾಡ್ತೀರಾ? ಓಡ್ತಾ ಇಲ್ವಾ?"

"ನಂಗರ್ಥ ಆಗ್ತಿಲ್ಲ ಕಣೇ!" ನಂದೀಶ ಮಜ್ಜಿಗೆ ಗಟಗಟ ಕುಡಿದ. "ಅದಕ್ಕಿಂತ ನನ್ನದರಲ್ಲಿ ಮೆಮೊರಿ ಜಾಸ್ತಿ. ಕಾರ್ಡು ದೊಡ್ಡದು. ಫ್ಯಾನು ಜಾಸ್ತಿ. ದೀಪ ಜಾಸ್ತಿ. ಎಲ್ಲಾ ಜಾಸ್ತಿ! ಆದ್ರೂ ಆ ಡಬ್ಬಿ ಹೆಂಗೆ ಓಡುತ್ತೆ?"

"ಅಳತೆ ಬ್ಲೌಸ್ ಇದೆ ಅದಕ್ಕೆ."

"ಏನಿದೆ?"

ಶೋಭಾರಾಣಿ ಮೇಜಿನ ಅಂಚಿಗೆ ಒರಗಿದಳು. ಹೊಲಿಗೆಯ ವಿಷಯ ಬಂದರೆ ಅವಳೂ ಯಾವ ಪಂಡಿತರಿಗೂ ಜಗ್ಗುವವಳಲ್ಲ. "ನೋಡಿ, ನನ್ನ ಹತ್ರ ಅಂಜಮ್ಮನ ಅಳತೆ ಬ್ಲೌಸ್ ಇದ್ರೆ, ಬೇರೆ ಟೈಲರ್ ಮೀಟರ್ ಬಟ್ಟೆ ಕೇಳೋ ಕಡೆ ನಾನು ಎಂಬತ್ತು ಸೆಂಟಿಮೀಟರಲ್ಲಿ ಮುಗಿಸ್ತೀನಿ. ಎಲ್ಲಿ ಬಿಗಿ, ಎಲ್ಲಿ ಸಡಿಲ, ಎಲ್ಲಾ ಗೊತ್ತು. ತುಂಡು ಬಟ್ಟೆನೂ ವೇಸ್ಟ್ ಇಲ್ಲ. ಈ ಕನ್ಸೋಲೂ ಅಷ್ಟೇ ಕಣ್ರೀ. ಮಾಲೂರಲ್ಲಿರೋದೂ ಒಂದೇ, ಮುಂಬೈಲಿರೋದೂ ಒಂದೇ, ಒಳಗೆ ಒಂದು ಸ್ಕ್ರೂನೂ ವ್ಯತ್ಯಾಸ ಇಲ್ಲ ಅಂತ ವೆಂಕಟ ಹೇಳ್ತಿದ್ದ. ಆಟ ಮಾಡೋರು ಅದನ್ನ ಎದುರಿಗಿಟ್ಕೊಂಡೇ ಹೊಲೀತಾರೆ. ಇಷ್ಟೇ ಮೆಮೊರಿ, ಇಷ್ಟೇ ಶಕ್ತಿ, ಇದ್ರಲ್ಲೇ ಚೆನ್ನಾಗಿ ಕಾಣ್ಬೇಕು ಅಂತ."

"ಹಂಗಾದ್ರೆ ನನ್ನದು?"

"ನಿಮ್ದರ ಅಳತೆ ಯಾರ್ ಕೊಟ್ಟಿದಾರೆ? ನಿಮ್ದಂಥ ಪೆಟ್ಟಿಗೆ ಪ್ರಪಂಚದಲ್ಲಿ ಇದೊಂದೇ! ಕಾರ್ಡು ಒಂದು ಕಂಪನಿ, ಬೋರ್ಡು ಇನ್ನೊಂದು ಕಂಪನಿ, ಒಂದು ಫ್ಯಾನು ಯಾವ ಕಂಪನಿನೂ ಅಲ್ಲ. ಆಟ ಮಾಡೋರು ಏನ್ಮಾಡ್ತಾರೆ? ಎಲ್ರಿಗೂ ಆಗ್ಲಿ ಅಂತ ನೈಟಿ ಹೊಲ್ದು ಕಳಿಸ್ತಾರೆ, ಫ್ರೀ ಸೈಜು. ಒಳ್ಳೇ ಬಟ್ಟೆನೇ, ಸುಳ್ಳು ಹೇಳಲ್ಲ. ಆದ್ರೆ ಮನೆಗೆ ತಂದ್ಮೇಲೆ ನಮ್ಮ ಮೈಗೆ ನಾವೇ ಆಲ್ಟರ್ ಮಾಡ್ಕೋಬೇಕು. ಇಲ್ಲಿ ಹಿಡೀಬೇಕು, ಅಲ್ಲಿ ಬಿಡ್ಬೇಕು. ನೀವೇನ್ ಮಾಡಿದ್ರಿ? ಆಲ್ಟರ್ ಮಾಡ್ರಿ ಅಂದ್ರೆ ಅಲ್ಟ್ರಾ ಮಾಡಿದ್ರಿ!"

ನಂದೀಶನಿಗೆ ಒಳಗೊಳಗೇ ಅದು ನಿಜ ಅನ್ನಿಸಿತು. ಆ ಸೆಟ್ಟಿಂಗುಗಳನ್ನು ಎರಡು ಮೆಟ್ಟಿಲು ಇಳಿಸಿದರೆ ಕಾರು ಸರಾಗವಾಗಿ ಓಡೀತು ಎಂದು ಅವನಿಗೂ ಹೊಳೆದಿತ್ತು. ಆದರೆ ಇಳಿಸುವುದೆಂದರೆ ಇಳಿಯುವುದು! ಹೆಂಡತಿ ಹೇಳಿದಳೆಂದು ಇಳಿಯುವುದಂತೂ ಪಾತಾಳಕ್ಕೇ ಇಳಿದ ಹಾಗೆ!

"ಗಂಡಸಿನ ಕಂಪ್ಯೂಟರ್ ಕಣೇ ಇದು. ಅಲ್ಟ್ರಾನೇ!" ಅಂದ.

"ಹಂಗಾದ್ರೆ ಎಮ್ಮೆ ಹಗ್ಗ ಸ್ವಲ್ಪ ಆಚೆ ಕಟ್ಟೋಕೆ ಅತ್ತೆಗೆ ಹೇಳಿರ್ತೀನಿ" ಎನ್ನುತ್ತ ಅವಳು ಲೋಟ ತೆಗೆದುಕೊಂಡು ಹೋದಳು.

ಭಾನುವಾರ ಬಂತು. ತೀರ್ಪುಗಾರನಾಗಿ ಅದೇ ಗಂಗುಲಪ್ಪ ಬಂದ. ವಯಸ್ಸಾದವನು, ಕಾರಿನ ಆಟಗಳ ಗಂಧವಿಲ್ಲದವನು, ಆದ್ದರಿಂದ ಪಕ್ಷಪಾತವಿಲ್ಲ ಎಂದು ಎರಡೂ ಕಡೆಯವರು ಒಪ್ಪಿದರು. ಹಜಾರದ ಟಿವಿಯೂ ಹಿಂದಿನ ಕೋಣೆಯ ಕಂಪ್ಯೂಟರೂ ಒಟ್ಟಿಗೆ ಕಾಣುವಂತೆ ಬಾಗಿಲಲ್ಲಿ ಅವನಿಗೆ ಕುರ್ಚಿ ಹಾಕಿ, ಕೈಗೆ ಕಾಫಿ ಕೊಟ್ಟರು. ಆಟದಲ್ಲೊಂದು ಬೆಟ್ಟದ ರಸ್ತೆ, ಜಡಿಮಳೆ, ತಿರುವಿನ ಮೇಲೆ ತಿರುವು. ಎರಡರಲ್ಲೂ ಅದೇ ರಸ್ತೆ.

"ಶುರು ಮಾಡಪ್ಪ" ಅಂದ ಗಂಗುಲಪ್ಪ.

ಶೋಭಾರಾಣಿ ಬಟನ್ ಒತ್ತಿದಳು. ಕಾರು ಬೆಣ್ಣೆಯಲ್ಲಿ ಕೂದಲೆಳೆದಂತೆ ಹೊರಟಿತು. ಮುನಿಶಾಮಮ್ಮ, "ಮೆಲ್ಲಗಮ್ಮಾ, ಮಳೆ ಐತೆ, ಜಾರ್ತದೆ" ಎಂದು ಸೆರಗು ಬಿಗಿದಳು. ಒಳಗೆ ನಂದೀಶನ ಕಾರೂ ಹೊರಟಿತು. ನಿಜ ಹೇಳಬೇಕೆಂದರೆ ಮೊದಲ ಎರಡು ತಿರುವುಗಳಲ್ಲಿ ಅದರ ವೈಭವವೇ ವೈಭವ! ಕಾರಿನ ಮೈಮೇಲೆ ಬಿದ್ದ ಮಳೆಹನಿಯೊಳಗೆ ಬೆಟ್ಟ ಕಾಣುತ್ತಿತ್ತು. ಗಂಗುಲಪ್ಪ ಕಾಫಿ ಕೆಳಗಿಟ್ಟು ಮುಂದಕ್ಕೆ ಬಾಗಿದ. ನಂದೀಶನ ಎದೆ ಅರಳಿತು.

"ನೋಡಿದ್ಯಾ ಮಾಮಾ? ಆ ಡಬ್ಬೀಲಿ ಬರೀ ಆಟ! ಇದ್ರಲ್ಲಿ ಏನ್ ಬೇಕಾದ್ರೂ ಬರುತ್ತೆ!"

"ನನ್ ಪಹಣಿ ಬರ್ತದಾ?"

"ಓಹೋ, ಬರ್ತದೆ!"

"ಹಂಗಾದ್ರೆ ತೆಗಿ ಮತ್ತೆ. ಬುಧವಾರದಿಂದ ತಿರುಗ್ತಾ ಇವ್ನಿ."

"ಈಗಲ್ಲ ಮಾಮಾ, ಈಗ ರೇಸು..."

"ಏನ್ ಬೇಕಾದ್ರೂ ಬರ್ತದೆ ಅಂದ್ಯಲ್ಲಪ್ಪ!"

ತೀರ್ಪುಗಾರನನ್ನು ಎದುರು ಹಾಕಿಕೊಳ್ಳುವುದುಂಟೇ? ನಂದೀಶ ಒಂದು ಕೈಯಲ್ಲಿ ಕಾರು ಹಿಡಿದು ಇನ್ನೊಂದು ಕೈಯಲ್ಲಿ ಪಹಣಿ ಹುಡುಕಿದ. ಸರ್ವೇ ನಂಬರು ತೆರೆಯಿತು, ಕಾರು ಹಳ್ಳಕ್ಕಿಳಿಯಿತು. ಪ್ರಿಂಟರು ಎದ್ದು ಕೆಮ್ಮಿತು. ವೈರಸ್ ಕಾಯುವ ತಳವಾರ, ಯಾರದು ಎಂದು ದೊಣ್ಣೆ ಹಿಡಿದು ಬಂದ. ಫ್ಯಾನುಗಳ ಕೂಗು ಮುಗಿಲು ಮುಟ್ಟಿತು. ಕಂಪ್ಯೂಟರಿನ ಒಳಗಿನ ಕಾವು ಏರಿತು, ಏರಿತು, ಇನ್ನು ತಾಳಲಾರೆ ಎಂಬ ಮಟ್ಟಕ್ಕೆ ಏರಿತು. ಕೊನೆಯ ತಿರುವು ಕಣ್ಣಿಗೆ ಕಾಣುತ್ತಿರುವಾಗಲೇ ಟಪ್ ಎಂದು ತೆರೆ ಕಪ್ಪಾಯಿತು. ಬಣ್ಣದ ದೀಪಗಳು ನಂದಿದವು. ಸುಟ್ಟುಕೊಂಡು ಸಾಯುವುದಕ್ಕಿಂತ ಮೂರ್ಛೆ ಹೋಗುವುದೇ ಲೇಸೆಂದು ಪೆದ್ದ ಪೆಟ್ಟೆ ತಾನೇ ತೀರ್ಮಾನಿಸಿತ್ತು.

ಹಜಾರದಲ್ಲಿ ಶೋಭಾರಾಣಿಯ ಕಾರು ಗೆಲುವಿನ ಗೆರೆ ದಾಟಿತು. ತೆರೆಯ ಮೇಲೆ ಪಟಾಕಿ ಸಿಡಿದವು.

"ನನ್ ಪಹಣಿನೂ ಹೋಯ್ತಾ?" ಅಂದ ಗಂಗುಲಪ್ಪ.

ಫ್ಯಾನುಗಳ ಸದ್ದು ನಿಂತು ಮನೆ ಗಪ್ಪೆಂದಿತ್ತು. ನಂದೀಶನಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಒಂದೊಂದು ಅಂಗ ತಂದು ಕೂರಿಸಿದ ದಿನಗಳೆಲ್ಲ ಕಣ್ಣಮುಂದೆ ಬಂದವು. ಅವನು ಬಗ್ಗಿ ವೈರುಗಳನ್ನು ಒಂದೊಂದಾಗಿ ಕೀಳತೊಡಗಿದ. ಮಾತು ಅಂದರೆ ಮಾತು. ಸೋತವನು ಕೊಟ್ಟಿಗೆಯ ಪಕ್ಕಕ್ಕೆ ಹೋಗಬೇಕು.

ಬಗ್ಗಿದಾಗ ಮೂಗಿಗೆ ಏನೋ ಬಡಿಯಿತು. ಸುಟ್ಟ ವಾಸನೆಯಲ್ಲ. ಘಮ! ಎಂಥ ಘಮ! ಬಾಗಿಲಲ್ಲಿದ್ದ ಗಂಗುಲಪ್ಪನೂ ಮೂಗರಳಿಸಿದ. ಮುನಿಶಾಮಮ್ಮ ಎಲ್ಲರನ್ನೂ ಪಕ್ಕಕ್ಕೆ ತಳ್ಳಿ ಬಂದು ಮೇಜಿನ ಕೆಳಗೆ ಕೂತು ಹುಲ್ಲು ಸರಿಸಿದಳು.

"ಅಯ್ಯೋ ನನ್ ಮುನೇಶ್ವರಾ! ಹಣ್ಣಾಗ್ಬಿಟ್ಟೈತೆ!"

ಬಾದಾಮಿ ಹಣ್ಣುಗಳು ಅರಿಶಿನ ಬಳಿದುಕೊಂಡ ಮದುಮಕ್ಕಳ ಹಾಗೆ ಸಾಲಾಗಿ ಮಲಗಿದ್ದವು. ಕಿಟಕಿಗಳು ಬಿಗಿ, ಸಂದಿಗಳಿಗೆ ಗೋಣಿತಾಟು, ಮೇಲೆ ಮೂರು ದಿನ ಬಿಡದೆ ಉರಿದ ಅಲ್ಟ್ರಾ. ಅಟ್ಟದ ಮೇಲೆ ವಾರವಾದರೂ ಆಗದ ಕೆಲಸ ಆಗಿಹೋಗಿತ್ತು. ಅವಳು ಒಂದು ಹಣ್ಣು ಎತ್ತಿ ಮೂಸಿದಳು, ಒತ್ತಿ ನೋಡಿದಳು, ಕಣ್ಣಿಗೊತ್ತಿಕೊಂಡಳು. ಆಮೇಲೆ ಮಾಡಿದ ಮೊದಲ ಕೆಲಸ ಬೈರಕೂರಿಗೆ ಫೋನು.

"ಏಮ್ ವದಿನಾ, ಮೀ ಪಂಡ್ಲು ಮಾಗ್ನಾಯಾ? ಹಣ್ಣು ಇನ್ನೂ ಆಗ್ಲಿಲ್ವಾ? ಹೋಗ್ಲಿ ಬಿಡಿ! ನಮ್ದೇ ತಿನ್ನಿ, ಕಳಿಸ್ಕೊಡ್ತೀನಿ!"

ಅಷ್ಟು ವರ್ಷಗಳ "ಹೋಗ್ಲಿ ಬಿಡಿ" ಬಡ್ಡಿ ಸಮೇತ ವಾಪಸಾಯಿತು. ಆ ಕಡೆಯಿಂದ ಗಂಗರತ್ನಮ್ಮನವರ ದನಿ ಹೊರಗೆಲ್ಲ ಕೇಳಿಸಿತು. "ಇಷ್ಟ್ ಬೇಗ ಹೆಂಗಾಯ್ತು ವದಿನಾ? ಕಾರ್ಬೈಡ್ ಗೀರ್ಬೈಡ್ ಹಾಕಿದ್ರಾ?"

"ಕಾರ್ಬೈಡ್ ಯಾಕ್ ಹಾಕ್ಲಿ? ನಮ್ ನಂದೀಶನ್ನೇ ಹಾಕಿದ್ನಲ್ಲ!"

ಫೋನಿಟ್ಟು ಹಿಂತಿರುಗಿದರೆ ಮಗ ಕಂಪ್ಯೂಟರನ್ನು ಎದೆಗವಚಿಕೊಂಡು ಕೊಟ್ಟಿಗೆಯ ಕಡೆ ಹೊರಟಿದ್ದಾನೆ.

"ಲೇ ಲೇ, ಎಲ್ಗ್ಲಾ ಎತ್ಕೊಂಡೋಗ್ತೀಯಾ ಅದನ್ನ?"

"ಸೋತಿದೀನಲ್ಲಮ್ಮಾ. ರೂಮು ನಿನ್ನದು."

"ರೂಮು ನನ್ದೇ. ಅದೂ ಅಲ್ಲೇ ಇರ್ಲಿ, ಇಳಿಸು! ಇಕ್ಕಡೆ ಇನ್ನೆರಡು ಬುಟ್ಟಿ ಐತೆ, ಆ ಕಡೆ ಮರದ್ದು ನಾಳೆ ಕೀಳಿಸ್ತೀನಿ. ಅದೇ ಕಾರಿನ ಆಟ ಹಾಕು. ಅದೇ ಅಲ್ಟ್ರಾದಾಗೆ ಹಾಕು. ಕಮ್ಮಿ ಗಿಮ್ಮಿ ಮಾಡೀಯಾ!"

"ಸರಿ, ಆದ್ರೆ ಕಿಟಕಿ ತೆಗೀತೀನಿ. ಬೆಂದೋಗ್ತೀನಮ್ಮಾ!"

"ಕಿಟಕಿ ಮುಟ್ಟಿದ್ರೆ ಕೈ ಮುರೀತೀನಿ!"

ಶೋಭಾರಾಣಿ ನಗು ತಡೆಯಲಾರದೆ ಕಂಬಕ್ಕೆ ಒರಗಿದ್ದಳು. "ಈಗ ನಿಮ್ದೂ ಕನ್ಸೋಲೇ ಆಯ್ತು ಬಿಡಿ. ಒಂದೇ ಜಾಗ, ಒಂದೇ ಅಳತೆ, ಒಂದೇ ಕೆಲಸ. ಬಟನ್ ಒತ್ತಿದ್ರೆ ಹಣ್ಣು!" ಎನ್ನುತ್ತ ಮೊದಲ ಹಣ್ಣು ಕೊಯ್ದು ಒಂದು ಹೋಳು ಗಂಡನ ಬಾಯಿಗಿಟ್ಟಳು. ಬೆವರಿನ ಉಪ್ಪಿನ ಜೊತೆಗೂ ಅದು ಸಕ್ಕರೆಯಾಗಿತ್ತು. ಸೋತ ದಿನ ಇಷ್ಟು ಸಿಹಿಯಾಗಿರುತ್ತದೆಂದು ನಂದೀಶನಿಗೆ ಗೊತ್ತೇ ಇರಲಿಲ್ಲ.

ಅಲ್ಲಿಂದ ಮುಂದೆ ಅವನ ದಿನಗಳು ಸುಖವಾಗಿಯೇ ಇದ್ದವು. ಕಾಲೇಜಿನಿಂದ ಬಂದ ಕೂಡಲೇ, "ಕೂತ್ಕೊಳೋ, ಆಟ ಆಡೋ, ಕಾಯಿ ಹಸಿ ಐತೆ" ಎಂದು ಹೆತ್ತ ತಾಯಿಯೇ ಬಲವಂತ ಮಾಡಿ ಕೂರಿಸುತ್ತಿದ್ದಳು. ಅಂಥ ಭಾಗ್ಯ ಎಷ್ಟು ಗಂಡುಮಕ್ಕಳಿಗುಂಟು? ಫ್ರೇಮು ಬಿದ್ದರೆ ಬೀಳಲಿ ಎಂದು ಅವನು ಬರಿಮೈಯಲ್ಲಿ ಕೂತು ಕಾರನ್ನು ಕುಂಟಿಸುತ್ತಿದ್ದ. ಹಜಾರದ ಫ್ರೇಮುಗಳೂ ಗೋಡೆಗೆ ಮರಳಿದವು.

ಒಂದು ಮಧ್ಯಾಹ್ನ ಗಂಗರತ್ನಮ್ಮನವರೇ ಬೈರಕೂರಿನಿಂದ ಬಂದರು. ಈ ಸಲ ಅವರ ಬುಟ್ಟಿಯಲ್ಲಿದ್ದದ್ದು ಹಣ್ಣಲ್ಲ, ಕಾಯಿ! ಹಣ್ಣು ಮಾಡಿಸಿಕೊಂಡು ಹೋಗಲು ಬಂದಿದ್ದರು. ನಂದೀಶ ಬಾಗಿಲ ಸಂದಿಯಿಂದ ಇದನ್ನು ನೋಡಿ ಎದೆ ಎರಡಿಂಚು ಉಬ್ಬಿಸಿದ. ಅತ್ತೆಯ ಎದುರಿಗಾದರೂ ಅಮ್ಮ, ನನ್ ಮಗ ಕಂಪ್ಯೂಟರ್ ಮಾಡ್ತಾ ಅವ್ನೆ ಎಂಬ ಆ ಹಳೆಯ ಮಾತು ಆಡುತ್ತಾಳೆ, ತುಟಿಯ ಮೇಲೆ ಬೆರಳಿಟ್ಟು ಆಡುತ್ತಾಳೆ ಎಂದು ಕಿವಿಗೊಟ್ಟ.

ಗಂಗರತ್ನಮ್ಮನವರು ಬುಟ್ಟಿ ಇಳಿಸಿ ಕೇಳಿದರು. "ಎಲ್ಲಿ ವದಿನಾ, ಅದೇನೋ ಪೆದ್ದ ಪೆಟ್ಟೆ ಪೆದ್ದ ಪೆಟ್ಟೆ ಅಂತಿದ್ರಲ್ಲ, ಎಲ್ಲೈತೆ?"

ಮುನಿಶಾಮಮ್ಮ ತುಟಿಯ ಮೇಲೆ ಬೆರಳಿಟ್ಟಳು.

"ಹಂಗನ್ಬ್ಯಾಡಿ ವದಿನಾ. ಪೆಟ್ಟೆ ನಮ್ ಪಾಲಿಗೆ ಚಿನ್ನ. ಪೆದ್ದ ಅದ್ರ ಮುಂದೆ ಕೂತವ್ನೆ, ನೋಡಿ!"